ತಂಪಕ್ಕನೂ ತೊಂಬತ್ತೆಂಟು ಡಿಗ್ರಿಯೂ

ಯಾರ ಮನೆಯ ಫ್ರಿಜ್ಜು ಮುನಿಸಿಕೊಂಡರೂ ಆ ಬಡಾವಣೆಯವರು ಮೊದಲು ಫೋನು ಮಾಡುತ್ತಿದ್ದುದು ತಂಪಕ್ಕನಿಗೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಏನೋ ಇತ್ತು. ಅದನ್ನು ಈಗ ಬ್ಯಾಂಕಿನವರನ್ನು ಬಿಟ್ಟರೆ ಇನ್ಯಾರೂ ಬಳಸುವುದಿಲ್ಲ. ಇಪ್ಪತ್ತೆಂಟು ವರ್ಷ ಫ್ರಿಜ್ಜು, ಐಸ್‌ಕ್ರೀಮಿನ ಪೆಟ್ಟಿಗೆ, ಹೂವಿನಂಗಡಿಯ ಗಾಜಿನ ಕಪಾಟು, ಮೆಡಿಕಲ್ ಶಾಪಿನ ಕೂಲರ್ ಎಂದು ಊರಿನ ತಂಪನ್ನೆಲ್ಲ ಕಾದುಕೊಂಡು ಬಂದವಳಿಗೆ ಬೇರೆ ಹೆಸರಾದರೂ ಯಾಕೆ ಬೇಕು. ಮುಂದಿನ ಕೋಣೆ ರಿಪೇರಿ ಅಂಗಡಿ, ಹಿಂದಿನ ಮೂರು ಕೋಣೆ ಮನೆ. ಮನೆಯಲ್ಲಿ ಅವಳು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳ ತಂಗಿ, ತಂಗಿಯ ಮಗಳು, ಇಷ್ಟೇ ಮಂದಿ.

ಅವಳ ಕೆಲಸದ ರೀತಿಯೇ ಬೇರೆ. ಮೀಟರು, ಗೇಜು ಎಲ್ಲ ಚೀಲದಲ್ಲಿದ್ದರೂ ಮೊದಲು ಬಲಗೈಯ ಹಿಂಭಾಗವನ್ನು ಯಂತ್ರದ ಮೈಗೆ ತಾಗಿಸುತ್ತಿದ್ದಳು, ಮಗುವಿಗೆ ಜ್ವರ ನೋಡುವ ಹಾಗೆ. ಎರಡು ನಿಮಿಷ ಕಣ್ಣು ಮುಚ್ಚಿ ನಿಂತು, "ಗ್ಯಾಸ್ ಕಮ್ಮಿಯಾಗಿದೆ" ಎಂದೋ, "ಫ್ಯಾನು ಸತ್ತಿದೆ" ಎಂದೋ ಹೇಳಿಬಿಡುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಿರುತ್ತಿತ್ತು. ಹತ್ತನೆಯ ಸಲದ ವಿಷಯ ಮಾತ್ರ ಕೇಳಬಾರದು. ಆಗ ತಪ್ಪು ಕರೆಂಟಿನದು, ಇಲ್ಲವೇ ಕಂಪನಿಯದು, ಅದೂ ಇಲ್ಲವೆಂದರೆ ಬಾಗಿಲನ್ನು ದಿನಕ್ಕೆ ನೂರು ಸಲ ತೆಗೆಯುವ ಆ ಮನೆಯ ಮಕ್ಕಳದು. ತಂಪಕ್ಕ ಕೆಲಸ ಗೊತ್ತಿದ್ದವಳು. ಕೆಲಸ ಗೊತ್ತಿದೆ ಎಂಬುದೂ ಚೆನ್ನಾಗಿ ಗೊತ್ತಿದ್ದವಳು. "ತಪ್ಪಾಯ್ತು" ಎನ್ನುವ ಮಾತು ಅಕ್ಕನ ಬಾಯಿಂದ ಬಂದದ್ದನ್ನು ತಾನು ಹುಟ್ಟಿದಾಗಿನಿಂದ ಕೇಳಿಲ್ಲ ಎಂದು ತಂಗಿ ಹೇಳುತ್ತಿದ್ದಳು. ಅದನ್ನೂ ಅಕ್ಕ ಅಂಗಡಿಯಲ್ಲಿರುವಾಗ, ಹಿಂದಿನ ಕೋಣೆಯಲ್ಲಿ, ಮೆಲ್ಲಗೆ.

ತಂಗಿಯ ಮಗಳಿಗೆ ಹತ್ತೊಂಬತ್ತು. ಮನೆಯಲ್ಲಿ ಎಲ್ಲರಿಗೂ ಅವಳು ಮರಿ. ಆ ಮರಿ ಎಂಟು ತಿಂಗಳು ಕೈತೊಳೆದುಕೊಂಡು ಬೆನ್ನು ಹತ್ತಿ ಒಂದು ಕಂಪ್ಯೂಟರನ್ನು ತಾನೇ ಜೋಡಿಸಿದ್ದಳು. ಇವತ್ತೊಂದು ಭಾಗ, ಬರುವ ತಿಂಗಳು ಇನ್ನೊಂದು, ಹೀಗೆ ಬಂದ ಡಬ್ಬಗಳೆಲ್ಲ ಅವಳ ಮಂಚದ ಕೆಳಗೆ ಸೇರುತ್ತಿದ್ದವು. ಐದು ಜನರ ಒಂದು ಆನ್‌ಲೈನ್ ಆಟದಲ್ಲಿ ಅವಳ ಕೈ ಚುರುಕು. ಹೆಸರು ಮಾಡಿದ ಒಂದು ತಂಡದಲ್ಲಿ ಐದನೆಯ ಜಾಗ ಖಾಲಿಯಾಗಿತ್ತು, ತಂಡದ ನಾಯಕಿ ಇವಳ ಆಟ ನೋಡಿ ಕರೆದಿದ್ದಳು. ನಾಯಕಿಯನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು; ಎಲ್ಲೋ ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಕೆಲಸ, ಮಾತು ಕತ್ತರಿಸಿದ ಹಾಗೆ. ಒಂದು ತಿಂಗಳು ಅಭ್ಯಾಸ, ಆಮೇಲೊಂದು ಶನಿವಾರ ಮಧ್ಯಾಹ್ನ ಮೂರಕ್ಕೆ ಆಯ್ಕೆಯ ಪಂದ್ಯ. ಅದರಲ್ಲಿ ನಿಂತರೆ ಜಾಗ ಮರಿಯದು. ಹತ್ತನೇ ಕ್ಲಾಸಿನಿಂದ ಅವಳು ಬಯಸಿದ್ದು ಇದೊಂದನ್ನೇ.

ಕಂಪ್ಯೂಟರ್ ಜೋಡಿಸುವಾಗ ದೊಡ್ಡಮ್ಮನ ಪಾಲು ಏನೂ ಇರಲಿಲ್ಲ. ಅದೇ ತಂಪಕ್ಕನ ಸಂಕಟ. ಮನೆಯಲ್ಲಿ ಒಂದು ಯಂತ್ರ ಹುಟ್ಟುತ್ತಿದೆ, ಅದಕ್ಕೆ ಫ್ಯಾನುಗಳೂ ಇವೆ, ಬಿಸಿ ಸಾಗಿಸುವ ತಾಮ್ರದ ಕೊಳವೆಗಳೂ ಇವೆ, ತನ್ನನ್ನು ಮಾತ್ರ ಯಾರೂ ಕರೆಯುತ್ತಿಲ್ಲ. ಎಲ್ಲ ಜೋಡಿಸಿ ಮುಗಿದ ದಿನ ಅವಳು ಕರೆಯದೆಯೇ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಕಪ್ಪು ಗಾಜಿನ ಬಾಗಿಲು. ಆ ಗಾಜಿಗೂ ಪೆಟ್ಟಿಗೆಗೂ ನಡುವೆ ಎರಡೂ ಪಕ್ಕಕ್ಕೆ ಉದ್ದಕ್ಕೂ ಬೆರಳು ತೂರುವಷ್ಟು ಸಂದು. ತಂಪಕ್ಕ ಬೆರಳು ತೂರಿಸಿಯೇ ನೋಡಿದಳು.

"ಏನೇ ಇದು, ಬಾಗಿಲು ಸರಿಯಾಗಿ ಕೂತೇ ಇಲ್ಲ."

"ಅದು ಹಾಗೇ ಇರೋದು ದೊಡ್ಡಮ್ಮ."

"ಹಾಗೇ ಇರೋದಂತೆ. ಇಷ್ಟಗಲ ಬಾಯಿ ಬಿಟ್ಕೊಂಡಿದೆ. ಒಳಗಿನ ತಂಪೆಲ್ಲ ಸೋರಿಹೋಗಲ್ವಾ? ಅಂಗಡಿ ಧೂಳೆಲ್ಲ ಒಳಗೆ ಬರಲ್ವಾ? ಬಾಗಿಲ ವಿಷಯ ನಂಗೇ ಹೇಳ್ಕೊಡ್ತೀಯಾ ನೀನು?"

ಮರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ಭಾನುವಾರ ಬೆಳಗ್ಗೆಯೆಲ್ಲ ತಂಪಕ್ಕ ಅಂಗಡಿಯ ಕೆಲಸ ಬದಿಗಿಟ್ಟು ಗ್ಯಾಸ್ಕೆಟ್ ಕತ್ತರಿಸಲು ಕೂತಳು. ಗ್ಯಾಸ್ಕೆಟ್ ಎಂದರೆ ಫ್ರಿಜ್ಜಿನ ಬಾಗಿಲಿನ ಸುತ್ತ ಬರುವ ಮೆತ್ತನೆಯ ರಬ್ಬರ್ ಪಟ್ಟಿ. ಅದನ್ನು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಬಿಸಿ ಗಾಳಿ ಹಾಯಿಸಿ ಮೆದು ಮಾಡಿ, ಒಂದು ಸುಕ್ಕೂ ಬೀಳದ ಹಾಗೆ ಗಾಜಿನ ನಾಲ್ಕೂ ಅಂಚಿಗೆ ಅಂಟಿಸಿದಳು. ಆಮೇಲೆ ಕಾಗದದ ಪರೀಕ್ಷೆ. ತೆಳು ಕಾಗದದ ಚೂರೊಂದನ್ನು ಬಾಗಿಲ ನಡುವೆ ಸಿಕ್ಕಿಸಿ ಎಳೆದಳು. ಕಾಗದ ಜಪ್ಪಯ್ಯ ಅಂದರೂ ಬರಲಿಲ್ಲ.

"ನೋಡಿದ್ಯಾ?" ಎಂದಳು. "ಗಾಳಿ ಅಲ್ಲ, ಗಾಳಿಯಪ್ಪ ಬಂದ್ರೂ ಒಳಗೆ ನುಸುಳಲ್ಲ."

ಅವಳ ಮುಖ ಆವತ್ತು ಹೇಗಿತ್ತೆಂದರೆ, ಗುರುತಿನವರು ಯಾರಾದರೂ ನೋಡಿದ್ದರೆ ಮನೆಯಲ್ಲಿ ಏನಾದರೂ ಶುಭಕಾರ್ಯವೇ ಎಂದು ಕೇಳುತ್ತಿದ್ದರು. ಓದುತ್ತಿರುವವರಿಗೆ ಈಗಾಗಲೇ ಗುಮಾನಿ ಬಂದಿರಬಹುದು. ತಂಪಕ್ಕನಿಗೆ ಬರಲಿಲ್ಲ.

ಮೂರನೆಯ ದಿನ ಅಭ್ಯಾಸ ಶುರುವಾದಾಗಿನಿಂದ ಕಂಪ್ಯೂಟರ್ ಕುದಿಯತೊಡಗಿತು. ಪ್ರೊಸೆಸರಿನ ಮೇಲೆ ಕೂತ ಕೂಲರಿನ ನೆತ್ತಿಯಲ್ಲೊಂದು ಪುಟ್ಟ ಪರದೆ ಇತ್ತು, ಅದರಲ್ಲಿ ಬಿಸಿಯ ಲೆಕ್ಕ ಪೆಟ್ಟಿಗೆಯ ಪಕ್ಕದ ಗಾಜಿನ ಮೂಲಕ ಕಾಣುತ್ತಿತ್ತು. ಸುಮ್ಮನಿದ್ದಾಗ ನಲವತ್ತೈದು, ಐವತ್ತು. ಆಟ ಶುರುವಾದ ಐದು ನಿಮಿಷಕ್ಕೆ ತೊಂಬತ್ತು, ತೊಂಬತ್ತೈದು, ತೊಂಬತ್ತೆಂಟು. ಅಲ್ಲಿಗೆ ಮುಟ್ಟಿದ ಮೇಲೆ ಪ್ರೊಸೆಸರು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತಿತ್ತು. ಪರದೆಯ ಮೇಲಿನ ಓಟ ತಡವರಿಸುತ್ತಿತ್ತು, ಮರಿ ಒತ್ತಿದ ಗುಂಡಿಗೆ ಆಟ ಅರ್ಧ ಕ್ಷಣ ತಡವಾಗಿ ಓಗೊಡುತ್ತಿತ್ತು. ಆ ಆಟದಲ್ಲಿ ಅರ್ಧ ಕ್ಷಣ ಎಂದರೆ ಸತ್ತ ಹಾಗೆಯೇ. ಎರಡು ಸಲ ಅಭ್ಯಾಸದ ನಡುವೆ ಯಂತ್ರ ಪೂರ್ತಿ ಆರಿಹೋಯಿತು. ಎರಡನೆಯ ಸಲ ಕ್ಯಾಪ್ಟನ್ ಹೇಳಿದ್ದನ್ನು ಮರಿ ಊಟದ ಹೊತ್ತಿಗೆ ತಟ್ಟೆ ನೋಡುತ್ತಾ ಹೇಳಿದಳು.

"ಆಯ್ಕೆ ಪಂದ್ಯದ ಮಧ್ಯೆ ಆಫ್ ಆದ್ರೆ ಬೇರೆಯವರನ್ನ ತಗೋತಾರಂತೆ. ಅವರದೇನೂ ತಪ್ಪಿಲ್ಲ. ನಾಲ್ಕು ಜನ ನನ್ನೊಬ್ಬಳಿಗೋಸ್ಕರ ಯಾಕೆ ಸೋಲಬೇಕು."

"ಊರಿಗೆಲ್ಲ ತಂಪು ಹಂಚೋಳ ಮನೇಲಿ ಒಂದು ಡಬ್ಬಿ ತಣ್ಣಗಾಗ್ತಿಲ್ಲ ಅಂದ್ರೆ ನಗ್ತಾರೆ ಜನ" ಎಂದು ತಂಗಿ ಅಕ್ಕನ ಕಡೆ ಓರೆನೋಟ ಬೀರಿದಳು. ತಮಾಷೆಗೆ ಹೇಳಿದ್ದೇ ಆದರೂ ತಂಪಕ್ಕನಿಗೆ ನಾಟಿತು. ಅವಳು ಊಟ ಬಿಟ್ಟು ಎದ್ದು ಕಂಪ್ಯೂಟರಿನ ಮೈಗೆ ಕೈ ತಾಗಿಸಿದಳು. ಒಲೆಯ ಪಕ್ಕ ಇಟ್ಟ ಪಾತ್ರೆಯ ಹಾಗೆ ಸುಡುತ್ತಿತ್ತು.

ಆಮೇಲಿನ ವಾರಗಳಲ್ಲೆಲ್ಲ ಮನೆಯಲ್ಲಿ ಇದೇ ಮಾತು. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಬೂದು ಪೇಸ್ಟನ್ನು ಮರಿ ಒರೆಸಿ ಮತ್ತೆ ಹಚ್ಚಿದಳು; ಒಂದಲ್ಲ, ಮೂರು ಸಲ. ಕೂಲರಿನ ಸ್ಕ್ರೂಗಳನ್ನು ಬಿಚ್ಚಿ ಎದುರುಬದುರಾಗಿ ಸಮನಾಗಿ ಬಿಗಿದಳು. ಫ್ಯಾನುಗಳ ವೇಗ ಹೆಚ್ಚಿಸಿದಳು, ಪ್ರೊಸೆಸರಿಗೆ ಹೋಗುವ ವೋಲ್ಟೇಜ್ ಇಳಿಸಿದಳು. ಒಂದೆರಡು ಡಿಗ್ರಿ ಇಳಿದ ಹಾಗೆ ಮಾಡಿ ಮತ್ತೆ ಅಲ್ಲಿಗೇ ಏರುತ್ತಿತ್ತು. ತಂಪಕ್ಕ ಅಂಗಡಿಯಿಂದ ದೊಡ್ಡ ಫ್ಯಾನು ತಂದು ಕ್ಯಾಬಿನೆಟ್ಟಿನ ಎದುರು ಜೋರಾಗಿ ತಿರುಗಿಸಿದಳು. ಮರಿಯ ಪುಸ್ತಕದ ಹಾಳೆಗಳೆಲ್ಲ ಹಾರಿ ಕೋಣೆಯ ತುಂಬ ಹರಡಿದವು, ಡಿಗ್ರಿ ಮಾತ್ರ ಅಲ್ಲಾಡಲಿಲ್ಲ.

"ಪ್ರೊಸೆಸರೇ ಸರಿಯಿಲ್ಲ" ಎಂದು ತಂಪಕ್ಕ ತೀರ್ಪು ಕೊಟ್ಟಳು. "ಕಂಪನಿಯವರು ಕೆಟ್ಟ ಮಾಲು ಕಳಿಸಿದ್ದಾರೆ. ನಾನು ನೋಡಿಲ್ವಾ ಇಂಥವನ್ನ."

"ಇರಬಹುದು ದೊಡ್ಡಮ್ಮ" ಎಂದಳು ಮರಿ, ಗಾಜಿನ ಬಾಗಿಲನ್ನು ಒಮ್ಮೆ ನೋಡಿ, ಸ್ಕ್ರೂಡ್ರೈವರ್ ಕೆಳಗಿಟ್ಟು.

ಪಂದ್ಯದ ಹಿಂದಿನ ದಿನ, ಶುಕ್ರವಾರ ಬೆಳಗ್ಗೆ ಮೆಡಿಕಲ್ ಶಾಪಿನವರ ಫೋನು ಬಂತು. ಇನ್ಸುಲಿನ್ ಇಡುವ ಕೂಲರ್ ತಣ್ಣಗಾಗುತ್ತಿಲ್ಲ, ಮೋಟರು ಒಂದು ಗಳಿಗೆ ನಿಲ್ಲದೆ ಓಡುತ್ತಿದೆ, ಬೇಗ ಬನ್ನಿ. ತಂಪಕ್ಕ ಚೀಲ ಹೆಗಲಿಗೇರಿಸಿಕೊಂಡು ಹೋದಳು. ಅಂಗಡಿಯವರು ತೆಳ್ಳನೆಯ, ಎಲ್ಲಕ್ಕೂ ಗಾಬರಿಬೀಳುವ ಮನುಷ್ಯ. ಬಾಗಿಲಿನ ರಬ್ಬರ್ ಹೋಗಿದೆ ಎಂದು ಆಗಲೇ ಅವರೇ ರೋಗ ಗುರುತಿಸಿಬಿಟ್ಟಿದ್ದರು. ತಂಪಕ್ಕ ಕಾಗದ ಸಿಕ್ಕಿಸಿ ಎಳೆದಳು. ಬಾಗಿಲು ಗಟ್ಟಿಯಾಗಿತ್ತು. ಆಮೇಲೆ ಕೈಯನ್ನು ಕೂಲರಿನ ಪಕ್ಕಕ್ಕೆ ತಾಗಿಸಿ, ಹಿಂದೆ ಇಣುಕಿ ನೋಡಿದಳು. ಹಿಂಬದಿಯ ಜಾಲರಿಗೂ ಗೋಡೆಗೂ ನಡುವೆ ಹತ್ತಿಯ ಬಂಡಲು, ಮಕ್ಕಳ ಡೈಪರಿನ ರಟ್ಟಿನ ಪೆಟ್ಟಿಗೆ, ಕ್ಯಾಲೆಂಡರುಗಳ ಸುರುಳಿ ಎಲ್ಲ ಒತ್ತೊತ್ತಾಗಿ ತುರುಕಿದ್ದವು.

ಇಂಥದ್ದನ್ನು ಕಂಡರೆ ತಂಪಕ್ಕನಿಗೆ ಸಿಟ್ಟು ನೆತ್ತಿಗೇರುತ್ತದೆ.

"ಏನ್ರೀ ಇದು? ಗೋಡೌನ್ ಮಾಡ್ಕೊಂಡಿದ್ದೀರಲ್ಲ."

"ಜಾಗ ಇರಲಿಲ್ಲಕ್ಕ. ಬಾಗಿಲಂತೂ ಬಿಗಿಯಾಗಿದೆಯಲ್ಲ, ಹಿಂದೆ ಏನಿದ್ರೇನು ಅಂತ."

"ಏನಿದ್ರೇನು? ಒಳಗಿನ ಬಿಸೀನ ಎತ್ಕೊಂಡು ಹೊರಗೆ ಹಾಕೋದೇ ಆ ಬೆನ್ನು. ಬಾಗಿಲು ಎಷ್ಟು ಬಿಗಿಯಾಗಿದ್ರೇನು, ಬೆನ್ನಿಗೆ ಗಾಳಿ ಆಡದೆ ಹೋದ್ರೆ ಬಿಸಿ ಎಲ್ಲಿಗೆ ಹೋಗ್ಬೇಕು? ನಿಮ್ಮ ಮೂಗು ಬಾಯಿ ಎರಡೂ ಮುಚ್ಚಿ, ಎದುರಿಗೊಂದು ಫ್ಯಾನ್ ಇಟ್ಟು, ಓಡು ಅಂದ್ರೆ ಓಡ್ತೀರಾ? ಬಿಸಿಯಾಗೋ ಯಂತ್ರಕ್ಕೆ ಮೊದಲು ಬೇಕಾದ್ದು ಉಸಿರು. ಇಷ್ಟು ತಿಳಿಯಲ್ವಾ ಓದಿದವರಿಗೆ, ಎದುರಿಗೊಂದು ಫ್ಯಾನ್..."

ಅಲ್ಲಿಗೆ ಅವಳ ಮಾತು ನಿಂತಿತು. ಅಂಗಡಿಯವರು ಇನ್ನೂ ಬೈಗುಳ ಬಾಕಿಯಿದೆ ಎಂದು ತಲೆ ತಗ್ಗಿಸಿಕೊಂಡೇ ನಿಂತಿದ್ದರು. ತಂಪಕ್ಕ ಬಾಯಿ ತೆರೆದವಳು ತೆರೆದ ಹಾಗೇ ಇದ್ದಳು. ಫ್ರಿಜ್ಜು ತಂಪು ಕೂಡಿಡುವ ಪೆಟ್ಟಿಗೆ; ಅದಕ್ಕೆ ಬಾಗಿಲು ಬಿಗಿಯಾಗಬೇಕು. ಮರಿಯ ಪೆಟ್ಟಿಗೆಯೊಳಗೆ ತಂಪು ಎಲ್ಲಿಂದ ಬರಬೇಕು? ಅದರೊಳಗೆ ಇರುವುದೆಲ್ಲ ಬಿಸಿಯೇ. ಅದು ಫ್ರಿಜ್ಜಿನ ಒಳಗಲ್ಲ, ಫ್ರಿಜ್ಜಿನ ಬೆನ್ನು. ಆ ಬೆನ್ನಿಗೆ ತಾನು ಆವತ್ತು ಭಾನುವಾರ ಬೆಳಗ್ಗೆಯೆಲ್ಲ ಕೂತು, ಒಂದು ಸುಕ್ಕೂ ಬೀಳದ ಹಾಗೆ ರಬ್ಬರ್ ಬಿಗಿದಿದ್ದಳು.

"ಅಕ್ಕಾ, ಏನಾಯ್ತು?" ಎಂದರು ಅಂಗಡಿಯವರು.

"ಏನಿಲ್ಲ. ಪೆಟ್ಟಿಗೆಗಳನ್ನೆಲ್ಲ ಈಚೆ ತೆಗೀರಿ. ಒಂದು ಗಂಟೇಲಿ ತಣ್ಣಗಾಗುತ್ತೆ" ಎಂದವಳೇ ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಮರಿ ಕಾಲೇಜಿಗೆ, ತಂಗಿ ಆಸ್ಪತ್ರೆಗೆ. ಪ್ರೊಸೆಸರಿಗೆ ಬೇಕೆಂದೇ ಬೆವರಿಳಿಸುವ ಒಂದು ಪರೀಕ್ಷೆಯನ್ನು ಶುರು ಮಾಡುವುದು ಹೇಗೆಂದು ಮರಿ ಅವಳಿಗೆ ತೋರಿಸಿಕೊಟ್ಟಿದ್ದಳು. ತಂಪಕ್ಕ ಅದನ್ನು ಓಡಿಸಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ನಾಲ್ಕು ನಿಮಿಷಕ್ಕೆ ತೊಂಬತ್ತಾರು. ತೆಳು ಕಾಗದದ ಚೂರೊಂದನ್ನು ಹಿಂದಿನ ಫ್ಯಾನಿನ ಬಾಯಿಗೆ ಹಿಡಿದಳು. ಕಾಗದ ಸೋಮಾರಿಯ ಹಾಗೆ ಒಮ್ಮೆ ಅಲುಗಿ ಸುಮ್ಮನಾಯಿತು. ಮುಂದಿನ ಮೂರು ಫ್ಯಾನುಗಳು ಗಾಳಿ ಎಳೆಯಲು ಗಾಜಿನ ಹಿಂದೆ ಬೊಬ್ಬಿಡುತ್ತಿದ್ದವು, ಎಳೆಯಲು ಗಾಳಿಯೇ ಇರಲಿಲ್ಲ.

ಅವಳು ಉಗುರು ಹಾಕಿ ಎಡಪಕ್ಕದ ಗ್ಯಾಸ್ಕೆಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಸರ್ರನೆ ಕಿತ್ತಳು. ತೊಂಬತ್ತಾರು ತೊಂಬತ್ತಾಯಿತು, ಎಂಬತ್ತನಾಲ್ಕಾಯಿತು. ಬಲಪಕ್ಕದ್ದನ್ನೂ ಕಿತ್ತಳು. ಎಪ್ಪತ್ತೆಂಟು. ಎಪ್ಪತ್ತೈದು. ಎಪ್ಪತ್ತೆರಡು. ಅಲ್ಲಿಗೆ ನಿಂತಿತು. ಹತ್ತು ನಿಮಿಷ ಕಾದಳು, ಇಪ್ಪತ್ತು ನಿಮಿಷ ಕಾದಳು. ಎಪ್ಪತ್ತೆರಡು ಎಪ್ಪತ್ತೆರಡಾಗಿಯೇ ಇತ್ತು. ಸಂದಿನ ಬಳಿ ಹಿಡಿದ ಕಾಗದವನ್ನು ಯಂತ್ರ ಅವಳ ಕೈಯಿಂದ ಕಿತ್ತುಕೊಳ್ಳುವ ಹಾಗೆ ಎಳೆಯುತ್ತಿತ್ತು.

ತಂಪಕ್ಕನಿಗೆ ಮೊದಲು ಬಂದದ್ದು ಸಂತೋಷ. ರೋಗ ಸಿಕ್ಕಿದಾಗ ಪ್ರತಿ ಸಲವೂ ಬರುವ ಅದೇ ಸಂತೋಷ. ಅದರ ಬೆನ್ನಿಗೇ ಕಿತ್ತ ಪಟ್ಟಿಗಳು ಕಣ್ಣಿಗೆ ಬಿದ್ದವು. ಮರಿಯ ಜಾಗ ಇನ್ನೇನು ಕೈತಪ್ಪುವ ಹಾಗೆ ಮಾಡಿದ್ದು ಕಂಪನಿಯಲ್ಲ, ಕರೆಂಟಲ್ಲ, ತನ್ನ ಈ ಎರಡು ಕೈಗಳು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಏನು ಮಾಡಬೇಕೆಂಬುದು ಅವಳಿಗೆ ಅಭ್ಯಾಸವಿರಲಿಲ್ಲ.

ಅಭ್ಯಾಸವಿಲ್ಲದವರು ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು. ಕಿತ್ತ ಪಟ್ಟಿಗಳನ್ನು ಸುರುಳಿ ಸುತ್ತಿ ಅಂಗಡಿಯ ಗುಜರಿ ಡ್ರಮ್ಮಿನ ತಳಕ್ಕೆ, ಹಳೆಯ ಕಂಪ್ರೆಸರಿನ ಅಡಿಗೆ ತುರುಕಿದಳು. ಗಾಜಿನಂಚಿನ ಅಂಟನ್ನು ಸ್ಪಿರಿಟ್ ಹಾಕಿ ಉಜ್ಜಿ ಉಜ್ಜಿ ಒರೆಸಿದಳು. ಹೇಗೂ ಇರಲಿ ಎಂದು ಪಕ್ಕದ ಬಾಗಿಲನ್ನು ತೆಗೆದು ಒಂದು ಸ್ಕ್ರೂ ಬಿಚ್ಚಿ ಮತ್ತೆ ಹಾಕಿದಳು. ಅದರಿಂದೇನು ಪ್ರಯೋಜನ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ನಾಲ್ಕು ಗಂಟೆಗೆ ಮರಿ ಬಂದಳು. ತಂಪಕ್ಕ ಮಾತಾಡದೆ ಪರೀಕ್ಷೆ ಓಡಿಸಿ ತೋರಿಸಿದಳು. ಹುಡುಗಿ ಚೀಲವನ್ನೂ ಇಳಿಸದೆ ಪುಟ್ಟ ಪರದೆಯನ್ನು ನೋಡುತ್ತಾ ನಿಂತಳು.

"ಎಪ್ಪತ್ತೆರಡಾ?"

"ಎಪ್ಪತ್ತೆರಡು. ಪೇಸ್ಟು ಸರಿಯಾಗಿ ಕೂತಿರಲಿಲ್ಲ ಕಣೇ. ನಾನು ಬಿಚ್ಚಿ ಮತ್ತೆ ಹಚ್ಚಿದೆ. ಕೈಯಳತೆ ಗೊತ್ತಿರಬೇಕು ಅದಕ್ಕೆ."

ಮರಿ ಗಾಜಿನ ಬಾಗಿಲನ್ನು ನೋಡಿದಳು. ಬೆರಳು ತೂರುವಷ್ಟು ಸಂದು ಎರಡೂ ಪಕ್ಕಕ್ಕೆ ಬಾಯಿ ತೆರೆದುಕೊಂಡಿತ್ತು, ಕೋಣೆಯ ತುಂಬ ಸ್ಪಿರಿಟ್ಟಿನ ವಾಸನೆ. ಆಮೇಲೆ ದೊಡ್ಡಮ್ಮನ ಮುಖ ನೋಡಿದಳು.

"ಹೌದಾ, ಪೇಸ್ಟಾ" ಎಂದಳು. "ಥ್ಯಾಂಕ್ಸ್ ದೊಡ್ಡಮ್ಮ. ಬದುಕಿಸಿಬಿಟ್ಟೆ ನನ್ನ." ಎಂದು ಅವಳ ಕುತ್ತಿಗೆಗೆ ಜೋತುಬಿದ್ದಳು.

ಸಂಜೆ ಊಟಕ್ಕೆ ಕೂತಾಗ ತಂಗಿಯೂ ಹೊಗಳಿದಳು. "ಅಕ್ಕ ಕೈಯಿಟ್ರೆ ಆಗ್ದೆ ಇರುತ್ತಾ" ಎಂದು ನಿಜವಾದ ಅಭಿಮಾನದಿಂದಲೇ ಹೇಳಿದಳು. ತಂಪಕ್ಕನಿಗೆ ಹೊಗಳಿಕೆ ಎಂದರೆ ಇಷ್ಟ, ಅದನ್ನು ಅವಳು ಎಂದೂ ಮುಚ್ಚಿಟ್ಟವಳಲ್ಲ. ಆವತ್ತು ಮಾತ್ರ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದಳು.

ಶನಿವಾರ ಮಧ್ಯಾಹ್ನ ಅಂಗಡಿಗೆ ಬೀಗ ಬಿತ್ತು. ತಂಗಿಗೂ ರಜೆ. ಮೂರಕ್ಕೆ ಹತ್ತು ನಿಮಿಷವಿರುವಾಗ ಮರಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಬೆರಳು ನೆಟಿಗೆ ಮುರಿದಳು. ಹೆಡ್‌ಫೋನು ಇನ್ನೂ ಕೊರಳಲ್ಲಿತ್ತು, ಕ್ಯಾಪ್ಟನ್ನಳ ದನಿ ಸ್ಪೀಕರಿನಲ್ಲಿ ಬರುತ್ತಿತ್ತು. ತಂಪಕ್ಕ ಕಾಫಿ ಲೋಟ ಹಿಡಿದು ಕುರ್ಚಿಯ ಹಿಂದೆ, ತಂಗಿ ಬಾಗಿಲಲ್ಲಿ.

"ಟೆಂಪರೇಚರ್ ಎಷ್ಟಿದೆ?" ಕ್ಯಾಪ್ಟನ್ ಕೇಳಿದಳು.

"ಲೋಡಲ್ಲಿ ಎಪ್ಪತ್ತೆರಡು."

"ಅಂದ್ರೆ ಆ ರಬ್ಬರ್ ಪಟ್ಟಿ ಕೊನೆಗೂ ಕಿತ್ತೆ ಅಂತಾಯ್ತು. ಮೂರು ವಾರದಿಂದ ಬಡ್ಕೋತಿದ್ದೀನಿ. ನೀನು ಕಳಿಸಿದ ಫೋಟೋ ನೋಡಿದ ದಿನವೇ ಹೇಳಿರಲಿಲ್ವಾ, ಅದೇ ಉಸಿರು ಕಟ್ಟಿಸ್ತಿದೆ ಅಂತ? ನೀನೂ ಒಪ್ಕೊಂಡಿದ್ದೆ. ಕೀಳೋಕೆ ಏನು ದಾಡಿ ನಿಂಗೆ?"

ಮರಿ ತಡಬಡಿಸಿ ಸ್ಪೀಕರಿನ ದನಿ ತಗ್ಗಿಸಲು ಹೋದಳು. ಕೈ ತಾಗಿ ಪೆನ್ನಿನ ಡಬ್ಬಿ ಉರುಳಿತು, ದನಿ ತಗ್ಗಲಿಲ್ಲ. "ಆಮೇಲೆ ಹೇಳ್ತೀನಿ ಕ್ಯಾಪ್ಟನ್" ಎಂದು ಪಿಸುಗುಟ್ಟಿದಳು. ಅವಳ ಕಿವಿ ಕೆಂಪಾಗಿತ್ತು. ಹಿಂದಕ್ಕೆ ತಿರುಗಿ ನೋಡಲಿಲ್ಲ.

ತಂಪಕ್ಕನ ಕೈಯಲ್ಲಿ ಲೋಟ ಹಾಗೇ ಇತ್ತು. ಮೂರು ವಾರ. ಪೇಸ್ಟು ಮೂರು ಸಲ ಬದಲಾಯಿಸುವಾಗ, ಸ್ಕ್ರೂ ಬಿಚ್ಚಿ ಬಿಗಿಯುವಾಗ, ಹಾರಿದ ಹಾಳೆಗಳನ್ನು ಆಯುವಾಗ, ಕಂಪನಿಯನ್ನು ಬೈದದ್ದಕ್ಕೆ "ಇರಬಹುದು ದೊಡ್ಡಮ್ಮ" ಎನ್ನುವಾಗ ಈ ಹುಡುಗಿಗೆ ಎಲ್ಲ ಗೊತ್ತಿತ್ತು. ನಿನ್ನೆ ಕುತ್ತಿಗೆಗೆ ಜೋತುಬಿದ್ದು ಥ್ಯಾಂಕ್ಸ್ ಹೇಳುವಾಗಲೂ ಗೊತ್ತಿತ್ತು. ಜಾಗ ಹೋದರೂ ಹೋಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ತಂಪಕ್ಕನಿಗೆ ಇಪ್ಪತ್ತೆಂಟು ವರ್ಷದಲ್ಲಿ ಯಾವ ಯಂತ್ರವೂ ಕಲಿಸದಿದ್ದ ಒಂದು ವಿಷಯ ಆ ಗಳಿಗೆಯಲ್ಲಿ ತಿಳಿಯಿತು, ಅದು ತಿಳಿದದ್ದು ಅವಳಿಗೆ ಚೂರೂ ಹಿಡಿಸಲಿಲ್ಲ.

ಅವಳು ಲೋಟವನ್ನು ಮೇಜಿನ ಮೇಲಿಟ್ಟು ಮರಿಯ ಹೆಗಲ ಮೇಲಿಂದ ಮೈಕಿನ ಹತ್ತಿರ ಬಗ್ಗಿದಳು.

"ಕ್ಯಾಪ್ಟನ್ ಅವರೇ, ನಾನು ಇವಳ ದೊಡ್ಡಮ್ಮ. ಫ್ರಿಜ್ ರಿಪೇರಿ ಮಾಡೋಳು."

"ನಮಸ್ಕಾರ ಅಮ್ಮ" ಎಂದಿತು ಸ್ಪೀಕರು, ಈಗ ಸ್ವಲ್ಪ ಮೆತ್ತಗೆ.

"ಆ ಪಟ್ಟಿ ಹಚ್ಚಿದ್ದು ನಾನು. ಇವಳು ಬೇಡ ಅಂದ್ರೂ ಕೇಳದೆ ಹಚ್ಚಿದೆ. ನಿನ್ನೆ ಕಿತ್ತಿದ್ದೂ ನಾನೇ. ಕಿತ್ತು ಬಚ್ಚಿಟ್ಟು, ಪೇಸ್ಟು ಬದಲಾಯಿಸಿದೆ ಅಂತ ಇವಳ ಹತ್ರ ಸುಳ್ಳು ಹೇಳಿದೆ. ಹುಡುಗೀದು ಏನೂ ತಪ್ಪಿಲ್ಲ, ಕಂಪ್ಯೂಟರ್ ಜೋಡಿಸಿದ್ದರಲ್ಲೂ ತಪ್ಪಿಲ್ಲ. ತಪ್ಪೆಲ್ಲ ನಂದು. ಅದನ್ನ ಲೆಕ್ಕಕ್ಕೆ ತಗೋಬೇಡಿ."

ಬಾಗಿಲಲ್ಲಿ ನಿಂತಿದ್ದ ತಂಗಿ ಚೌಕಟ್ಟನ್ನು ಹಿಡಿದುಕೊಂಡಳು.

"ಸರಿ ಅಮ್ಮ" ಎಂದಳು ಕ್ಯಾಪ್ಟನ್. "ನಾನು ಲೆಕ್ಕಕ್ಕೆ ತಗೊಳ್ಳೋದು ಈಗ ಆಡೋದನ್ನ ಮಾತ್ರ. ಹೆಡ್‌ಫೋನ್ ಹಾಕ್ಕೋ ಹುಡುಗಿ, ಎರಡು ನಿಮಿಷ ಇದೆ."

ಮರಿ ಹೆಡ್‌ಫೋನು ಹಾಕಿಕೊಂಡಳು. ಹಾಕಿಕೊಳ್ಳುವ ಮೊದಲು ಎಡಗೈ ಹಿಂದೆ ಚಾಚಿ ದೊಡ್ಡಮ್ಮನ ಮಣಿಕಟ್ಟನ್ನು ಒಮ್ಮೆ ಹಿಡಿದು ಬಿಟ್ಟಳು.

ಮೂರು ಸುತ್ತಿನ ಪಂದ್ಯ. ತಂಪಕ್ಕನಿಗೆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಯಾರು ಓಡುತ್ತಿದ್ದಾರೆ, ಯಾರು ಸಾಯುತ್ತಿದ್ದಾರೆ, ಸತ್ತವರು ಮತ್ತೆ ಹೇಗೆ ಎದ್ದು ಬರುತ್ತಿದ್ದಾರೆ ಒಂದೂ ಅರ್ಥವಾಗಲಿಲ್ಲ. ಅವಳು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದುದು ಗಾಜಿನಾಚೆಯ ಪುಟ್ಟ ಪರದೆಯನ್ನು. ಎಪ್ಪತ್ತು, ಎಪ್ಪತ್ತೆರಡು, ಎಪ್ಪತ್ತಮೂರು. ಮೊದಲ ಸುತ್ತು ಮರಿಯ ಕಡೆಯವರು ಸೋತರು. ತಂಗಿ ನಿಟ್ಟುಸಿರು ಬಿಟ್ಟದ್ದರಿಂದ ಅದು ತಂಪಕ್ಕನಿಗೆ ಗೊತ್ತಾಯಿತು. ಎರಡನೆಯದು ಗೆದ್ದರು. ಮೂರನೆಯದು ಮುಗಿಯುವಂತೆಯೇ ಕಾಣಲಿಲ್ಲ. ನಲವತ್ತು ನಿಮಿಷ ಎಳೆಯಿತು, ಪ್ರೊಸೆಸರು ಎಪ್ಪತ್ತನಾಲ್ಕಕ್ಕೆ ಏರಿ ಅಲ್ಲೇ ಕಾಲೂರಿ ನಿಂತಿತು. ಮರಿಯ ಬೆರಳುಗಳು ಗುಂಡಿಗಳ ಮೇಲೆ ಓಡುತ್ತಿದ್ದವು, ಆಟ ಒಮ್ಮೆಯೂ ತಡವರಿಸಲಿಲ್ಲ. ಕೊನೆಗೆ ಹುಡುಗಿ ಕುರ್ಚಿಗೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಗೆದ್ದಳೋ ಸೋತಳೋ ತಿಳಿಯದೆ ಅಕ್ಕತಂಗಿಯರಿಬ್ಬರೂ ಉಸಿರು ಬಿಗಿಹಿಡಿದು ನಿಂತರು.

ಮರಿ ಹೆಡ್‌ಫೋನು ತೆಗೆದಳು. "ಸೋಮವಾರದಿಂದ ಅಭ್ಯಾಸಕ್ಕೆ ಬಾ ಅಂದ್ರು" ಎಂದಳು. "ಜಾಗ ನಂದು."

ತಂಗಿ ಮಗಳನ್ನು ಅಪ್ಪಿಕೊಂಡಳು, ಅತ್ತಳು, ನಕ್ಕಳು, ಆಸ್ಪತ್ರೆಯ ಗೆಳತಿಯರಿಗೆಲ್ಲ ಸುದ್ದಿ ಕಳಿಸಲು ಫೋನು ಹುಡುಕಿದಳು. ತಂಪಕ್ಕ ಸಂಭ್ರಮ ಸ್ವಲ್ಪ ತಣಿಯುವವರೆಗೆ ಕಾದಳು. ಖುಷಿ ಅವಳಿಗೂ ಎದೆ ತುಂಬ ಆಗಿತ್ತು. ಆದರೆ ಕೇಳದೆ ಬಿಡುವ ಹಾಗಿರಲಿಲ್ಲ.

"ಮೂರು ವಾರ ಯಾಕೆ ಸುಮ್ಮನಿದ್ದೆ?"

ಮರಿ ತಲೆ ಕೆರೆದುಕೊಂಡಳು. "ನೀನು ಹಚ್ಚುವಾಗ ಎಷ್ಟು ಖುಷಿಯಾಗಿದ್ದೆ ದೊಡ್ಡಮ್ಮ."

"ಖುಷಿ ಇರಲಿ. ಅದಕ್ಕೋಸ್ಕರ ಜಾಗ ಕಳ್ಕೋತೀಯಾ? ನಿಜ ಹೇಳು."

ಹುಡುಗಿ ಕೈಯಲ್ಲಿದ್ದ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಪಂದ್ಯ ಗೆದ್ದ ಧೈರ್ಯದಲ್ಲೋ ಏನೋ, ನೇರವಾಗಿ ನೋಡಿ ಹೇಳಿದಳು. "ನಿಂಗೆ ತಪ್ಪು ಅಂತ ಹೇಳೋದಕ್ಕಿಂತ ಮೂರು ಸಲ ಪೇಸ್ಟ್ ಬದಲಾಯಿಸೋದು ಸುಲಭ."

ತಂಗಿ ಫೋನಿನಿಂದ ತಲೆ ಎತ್ತಿದಳು. ತಂಪಕ್ಕನಿಗೆ ಆ ಮಾತು ನೇರ ಎದೆಗೇ ಬಿತ್ತು. ಸಿಟ್ಟು ಬರುತ್ತದೆಂದು ಅವಳೇ ಕಾದಳು, ಬರಲಿಲ್ಲ, ಬಂದದ್ದು ದುಃಖ. ತನ್ನ ಮನೆಯ ಮಗುವೇ ತನ್ನ ಮುಖದ ಹೆದರಿಕೆಗೆ ಹತ್ತನೇ ಕ್ಲಾಸಿನಿಂದ ಕಂಡ ಆಸೆಯನ್ನು ಪಣಕ್ಕಿಟ್ಟಿತ್ತು. ಈ ಮೂರು ಕೋಣೆಗಳಲ್ಲಿ ಎಷ್ಟು ಮಾತುಗಳು ಹೀಗೆ ಗಂಟಲಲ್ಲೇ ಉಳಿದಿರಬಹುದು ಎಂದು ಅವಳು ಮೊದಲ ಸಲ ಯೋಚಿಸಿದಳು.

"ತಪ್ಪಾಯ್ತು ಕಣೇ ಮರಿ" ಎಂದಳು. ಮೈಕಿನ ಮುಂದೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. "ಇನ್ಮೇಲೆ ನಾನು ತಪ್ಪು ಮಾಡಿದ್ರೆ ಆಗಿಂದಾಗ್ಗೆ ಹೇಳು. ನಾನು ಹಾರಾಡಿದ್ರೂ ಹೇಳು. ಬೈದ್ರೂ ಹೇಳು."

"ನಿಜವಾಗ್ಲೂ?"

"ನಿಜವಾಗ್ಲೂ."

ಮರಿ ಅಮ್ಮನ ಮುಖ ನೋಡಿದಳು. ಅಮ್ಮ ಫೋನನ್ನು ಕೆಳಗಿಟ್ಟು ಮೆಲ್ಲಗೆ ಬಂದು ಮಗಳ ಪಕ್ಕ ಮಂಚದ ಮೇಲೆ ಕೂತಳು. ತಾಯಿ ಮಗಳು ಒಬ್ಬರ ಮುಖ ಒಬ್ಬರು ಇನ್ನೊಮ್ಮೆ ನೋಡಿಕೊಂಡರು.

"ಹಾಗಾದ್ರೆ ಕೂತ್ಕೋ ದೊಡ್ಡಮ್ಮ" ಎಂದಳು ಮರಿ. "ಸ್ವಲ್ಪ ಹೊತ್ತಾಗುತ್ತೆ."

ತಂಪಕ್ಕ ಕುರ್ಚಿ ಎಳೆದುಕೊಂಡು ಕೂತಳು.